ನಲವತ್ತೇಳನೆಯ ಮೀನು

ನಮ್ಮ ಬಳಗದ ಸ್ಮರಣ ಸಂಚಿಕೆಗೆ ಜೋಕಿಮ್ ಮಸ್ಕರೇನಸ್ ಅವರ ಪರಿಚಯ ಬರೆದುಕೊಡಿ ಎಂದು ಅಧ್ಯಕ್ಷ ಮೋನಪ್ಪ ಹೋದ ತಿಂಗಳು ಕೇಳಿದ್ದ. ಒಂದು ಪುಟ, ಒಂದು ಫೋಟೊ, ಕೊನೆಯಲ್ಲಿ ದೇವರು ಅವರಿಗೆ ಆಯುರಾರೋಗ್ಯ ಕೊಡಲಿ ಎಂಬ ಒಂದು ಸಾಲು. ಆಗ ಬರೆಯಲಾಗಲಿಲ್ಲ. ಈಗ ಜೋಕಿಮರು ಕುವೈತ್ ಬಿಟ್ಟು ಹೋದ ಮೇಲೆ ಬರೆಯಲು ಕುಳಿತಿದ್ದೇನೆ, ಒಂದು ಪುಟಕ್ಕೆ ನಿಲ್ಲುವ ಹಾಗೆ ಕಾಣುವುದಿಲ್ಲ. ಇದನ್ನು ಮೋನಪ್ಪ ಅಚ್ಚು ಹಾಕಿಸುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಎದುರು ಸಿಕ್ಕರೆ ನಾನೂ ಎಲ್ಲರಂತೆ ಅವನನ್ನು ಮೋನಪ್ಪಣ್ಣ ಎಂದೇ ಕರೆಯುವುದು. ಇಲ್ಲಿ ಅಣ್ಣನನ್ನೂ ಬಹುವಚನವನ್ನೂ ಬಿಟ್ಟಿದ್ದೇನೆ. ಬೇಸರವಾಗುವವರಿಗೆ ಆಗಲಿ.

ನಾನು ಕುಸುಮಾವತಿ. ಶುವೈಖಿನಲ್ಲಿ ವಾಹನಗಳ ಬಿಡಿಭಾಗ ಮಾರುವ ಒಂದು ಕಂಪೆನಿಯ ಖರೀದಿ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಗಂಡ ತೀರಿಕೊಂಡು ಏಳು ವರ್ಷವಾಯಿತು, ಮಗ ಅಖಿಲ್ ಹತ್ತನೆಯ ತರಗತಿ. ಉಳಿದ ಹೊತ್ತಿನಲ್ಲಿ ನಮ್ಮ ಊರಿನವರ ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ. ಮೈಕ್ ಕಂಡರೆ ಬಿಡುವವಳಲ್ಲ ಎಂಬ ಹೆಸರೂ ಇದೆ.

ಜೋಕಿಮರು ಅದೇ ಕಂಪೆನಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರು. ಹೊರಗೆ ಐವತ್ತು ಡಿಗ್ರಿ ಬಿಸಿಲಿರುವ ಜುಲೈ ತಿಂಗಳಲ್ಲಿ ಮೈಮೇಲೆ ಸ್ವೆಟರ್ ಹಾಕಿಕೊಂಡು ಓಡಾಡುವ ಮನುಷ್ಯ ಇಡೀ ಶುವೈಖಿನಲ್ಲಿ ಅವರೊಬ್ಬರೇ ಇದ್ದರು. ಆ ಯಂತ್ರಗಳ ಕೋಣೆಯನ್ನು ಯಾವಾಗಲೂ ತಣ್ಣಗೆ ಇಡಬೇಕು, ಇಪ್ಪತ್ತಮೂರು ವರ್ಷ ಅವರು ಕುಳಿತದ್ದು ಅಲ್ಲಿಯೇ. ಕ್ರೈಸ್ತ ಗಂಡಸರನ್ನು ನಾವು ತುಳುವರು ಗೌರವದಿಂದ ಪರ್ಬುಗಳು ಎನ್ನುತ್ತೇವೆ. ನಾನು ಅವರನ್ನು ಹಾಗೇ ಕರೆಯುತ್ತಿದ್ದೆ. ಅವರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಾದರೂ ನನ್ನನ್ನು ಕುಸುಮಕ್ಕ ಎನ್ನುತ್ತಿದ್ದರು.

ಯಂತ್ರಗಳಿಗೆ ಹೆಸರಿಡುವ ಕೆಲಸ ಯಾವುದೋ ಕಾಲದಲ್ಲಿ ಅವರ ಪಾಲಿಗೆ ಬಂದಿತ್ತು. ಬೇರೆಯವರಾಗಿದ್ದರೆ ಒಂದು, ಎರಡು ಎಂದು ಅಂಕಿ ಹಾಕುತ್ತಿದ್ದರು. ಇವರು ಮೀನಿನ ಹೆಸರಿಟ್ಟರು. ಲೆಕ್ಕಪತ್ರದ ದೊಡ್ಡ ಸರ್ವರ್ ಅಂಜಲ್, ಮಾರಾಟದ ಕೌಂಟರುಗಳದ್ದು ಬಂಗುಡೆ, ಹಾಜರಿಯದ್ದು ಕೊಡ್ಡಾಯಿ, ಏನೇ ಹೊಸ ಪ್ರಯೋಗ ಮಾಡುವುದಿದ್ದರೂ ಮೊದಲು ಬಲಿ ಕೊಡುವ ಹಳೆಯದ್ದು ಬೂತಾಯಿ. ಈಜಿಪ್ಟಿನ ಅಕೌಂಟೆಂಟ್ ಫೋನು ಹಿಡಿದು “ಯಾ ಜೋಕಿಮ್, ಬಂಗುಡೆ ಖಲಾಸ್!” ಎಂದು ಕಿರುಚಿದರೆ ಖರೀದಿ ವಿಭಾಗದಲ್ಲಿ ನಾವು ಮೇಜಿಗೆ ತಲೆಯಿಟ್ಟು ನಗುತ್ತಿದ್ದೆವು. ಜೋಕಿಮರು ಮಾತ್ರ ನಗದೆ “ಬರ್ತೇನೆ ಸರ್” ಎಂದು ಎದ್ದು ಹೋಗುತ್ತಿದ್ದರು.

ಅವರ ಕೆಲಸದಲ್ಲಿ ನನಗೆ ಅರ್ಥವಾದದ್ದು ಇಷ್ಟು. ಈ ಯಂತ್ರಗಳಲ್ಲಿ ಓಡುವ ತಂತ್ರಾಂಶದಲ್ಲಿ ಆಗಾಗ ತೂತು ಪತ್ತೆಯಾಗುತ್ತದೆ. ಅದನ್ನು ತಯಾರಿಸಿದವರಿಗೂ ಕಳ್ಳರಿಗೂ ಸುದ್ದಿ ಮುಟ್ಟುವುದು ಹೆಚ್ಚುಕಡಿಮೆ ಒಂದೇ ದಿನ. ತಯಾರಿಸಿದವರು ಕೂಡಲೇ ತೇಪೆ ಕಳುಹಿಸುತ್ತಾರೆ, ಅದಕ್ಕೇ ಪ್ಯಾಚ್ ಎನ್ನುವುದು. ಕಳ್ಳ ಬರುವ ಮೊದಲು ಒಂದೊಂದು ಸರ್ವರಿಗೂ ಅದನ್ನು ಹಚ್ಚಿ ಮುಗಿಸಬೇಕು, ಒಂದನ್ನು ಬಿಟ್ಟರೂ ಉಳಿದವಕ್ಕೆ ಹಚ್ಚಿದ್ದು ದಂಡ. ಜೋಕಿಮರ ಅಪ್ಪ ಪಾಂಬೂರಿನಲ್ಲಿ ದರ್ಜಿಯಾಗಿದ್ದರಂತೆ.

“ಅಪ್ಪ ಚಡ್ಡಿಗೆ ತೇಪೆ ಹಾಕಿದ್ರು, ನಾನು ಸರ್ವರಿಗೆ ಹಾಕ್ತೇನೆ. ಮನೆತನದ ಕೆಲ್ಸ ಮಾರಾಯ್ರೆ” ಎನ್ನುತ್ತಿದ್ದರು. “ಅಪ್ಪ ಒಂದು ಮಾತು ಹೇಳ್ತಿದ್ರು. ಎಷ್ಟು ತೂತು ಉಂಟು ಅಂತ ಗಿರಾಕಿಯ ಹತ್ರ ಕೇಳ್ಬಾರ್ದು, ಬಟ್ಟೆಯನ್ನು ಬೆಳಕಿಗೆ ಹಿಡ್ದು ನೋಡ್ಬೇಕು.”

ಜೋಕಿಮರು ಹಾಗೇ ನೋಡುವವರು. ಕಂಪ್ಯೂಟರಿನಲ್ಲಿ ಪಟ್ಟಿ ಇದ್ದರೂ ಅವರ ಹತ್ತಿರ ಉದ್ದನೆಯ ಒಂದು ರಟ್ಟಿನ ಪುಸ್ತಕವಿತ್ತು. ಅದರಲ್ಲಿ ಅಷ್ಟೂ ಮೀನುಗಳ ಹೆಸರು. ತೇಪೆ ಹಚ್ಚಿ, ಯಂತ್ರವನ್ನು ಮಲಗಿಸಿ ಎಬ್ಬಿಸಿ, ಅದು ಸರಿಯಾಗಿ ಎದ್ದಿತೆಂದು ಕಣ್ಣಾರೆ ಕಂಡ ಮೇಲೆಯೇ ಕೆಂಪು ಪೆನ್ಸಿಲಿನಿಂದ ಒಂದು ಗುರುತು. ಯಾರು ಏನೇ ಹೇಳಲಿ, ನೋಡದೆ ಗುರುತು ಹಾಕಿದವರಲ್ಲ. ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲದ ಕತೆಯೇ ಇದು.

ಮೋನಪ್ಪ ಮತ್ತು ಅವರು ಒಂದೇ ವರ್ಷ ಇಲ್ಲಿಗೆ ಬಂದವರು, ಅಬ್ಬಾಸಿಯಾದ ಒಂದು ಕೋಣೆಯಲ್ಲಿ ಐದು ವರ್ಷ ಒಟ್ಟಿಗೆ ಇದ್ದವರು. ಮೋನಪ್ಪನಿಗೆ ಸೀತಾಳೆ ಸಿಡುಬು ಎದ್ದಾಗ ಕೋಣೆಯ ಉಳಿದವರೆಲ್ಲ ಚಾಪೆ ಸುತ್ತಿಕೊಂಡು ಬೇರೆ ಕಡೆ ಹೋದರು, ಜೋಕಿಮರು ಉಳಿದು ಗಂಜಿ ಬೇಯಿಸಿ ಕೊಟ್ಟರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಪ್ರತಿ ವಾರ್ಷಿಕೋತ್ಸವದಲ್ಲಿ ಮೋನಪ್ಪನೇ ಕಣ್ಣು ಒರೆಸಿಕೊಂಡು ಹೇಳುವ ಮಾತು. ಮುಂದೆ ಜೋಕಿಮರಿಗೆ ಕೆಲಸ ಗೊತ್ತಿತ್ತು, ಮೋನಪ್ಪನಿಗೆ ಮಾತು ಗೊತ್ತಿತ್ತು. ಇಬ್ಬರಲ್ಲಿ ನಮ್ಮ ಕಂಪೆನಿಯ ಆ ವಿಭಾಗಕ್ಕೆ ಮ್ಯಾನೇಜರ್ ಆದವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆರು ವರ್ಷದ ಹಿಂದೆ ಮೋನಪ್ಪ ಬಳಗದ ಅಧ್ಯಕ್ಷನಾದ. ಸದಸ್ಯರ ಪಟ್ಟಿ, ಕಾರ್ಯಕ್ರಮಗಳಿಗೆ ಹೆಸರು ನೋಂದಾಯಿಸುವುದು, ಎಲ್ಲವೂ ಫೋನಿನಲ್ಲೇ ಆಗಬೇಕೆಂದು ಅವನಿಗೆ ಹುಮ್ಮಸ್ಸು. ಸರ್ವರ್ ಕೋಣೆಯ ಮೂಲೆಯಲ್ಲಿ ಕೆಲಸಕ್ಕಿಲ್ಲದ ಹಳೆಯ ಯಂತ್ರವೊಂದು ಬಿದ್ದಿತ್ತು.

“ಅದರಲ್ಲಿ ಹಾಕು ಜೋಕಿಮ್. ಸುಮ್ನೆ ಧೂಳು ತಿಂತಾ ಉಂಟಲ್ಲ.”

“ಕಂಪೆನಿಯದ್ದು ಮೋನಪ್ಪ. ಹೊರಗಿನವರಿಗೆಲ್ಲ ಅದರ ಬಾಗಿಲು ತೆರೆದು ಕೂತ್ರೆ ಕಷ್ಟ.”

“ಹೊರಗಿನವರು ಯಾರು ಮಾರಾಯಾ? ಎಲ್ಲ ನಮ್ಮವರೇ ಅಲ್ವಾ?”

ಜೋಕಿಮರು ಒಪ್ಪಿದರು. ಯಂತ್ರಕ್ಕೆ ನಂಗ್ ಎಂಬ ಚಪ್ಪಟೆ ಮೀನಿನ ಹೆಸರಿಟ್ಟು, ಚೀಟಿಯಲ್ಲಿ ತಮ್ಮ ಕೈಯಾರೆ ಬರೆದು ಅಂಟಿಸಿದರು. ಪುಸ್ತಕದಲ್ಲಿ ಅದು ನಲವತ್ತೇಳನೆಯ ಮೀನು. ಬಿಸು ಹಬ್ಬ, ಅಷ್ಟಮಿ, ಕ್ರೈಸ್ತರ ಮೊಂತಿ ಫೆಸ್ತ್, ಕೆಸರು ಸಿಗದ ಊರಿನಲ್ಲಿ ಮರಳಿನ ಮೇಲೆ ನಡೆಸುವ ಹಗ್ಗಜಗ್ಗಾಟ, ಎಲ್ಲದಕ್ಕೂ ನಮ್ಮವರು ಹೆಸರು ಕೊಟ್ಟದ್ದು ನಂಗ್‌ನ ಲಿಂಕಿನಲ್ಲಿ. ಅದನ್ನು ಎಲ್ಲರ ಫೋನಿಗೂ ಕಳುಹಿಸುತ್ತಿದ್ದವಳು ನಾನು.

ಹೋದ ವರ್ಷ ಮಾಲಿಕರ ತಂಗಿಯ ಮಗ ಕಂಪೆನಿಗೆ ಬಂದು ಕುಳಿತ. ಹೊರದೇಶದಲ್ಲಿ ಓದಿ ಬಂದ ಹುಡುಗ, ಕಟ್ಟುನಿಟ್ಟು. ಕಂಪೆನಿಯ ಯಂತ್ರಗಳಲ್ಲಿ ಯಾರದ್ದೂ ಖಾಸಗಿ ವ್ಯವಹಾರ ಇರಕೂಡದು ಎಂದು ಆಜ್ಞೆ ಹೊರಡಿಸಿದ. ಜೋಕಿಮರು ಅದೇ ದಿನ ಮೋನಪ್ಪನ ಹತ್ತಿರ ಹೋಗಿ ನಂಗ್ ತೆಗೆಯಲೇಬೇಕು ಎಂದರು. ಆಯಿತು ಎಂದ ಮೋನಪ್ಪ. ಮರುದಿನ ಜೋಕಿಮರು ರಜೆಯಲ್ಲಿ ಊರಿಗೆ ಹೊರಟರು. ತಿರುಗಿ ಬಂದು ನೋಡಿದರೆ ಮೂಲೆ ಖಾಲಿಯಿತ್ತು.

“ಗುಜರಿಗೆ ಹಾಕಿಸ್ದೆ” ಎಂದ ಮೋನಪ್ಪ. “ಗೋದಾಮಿನ ಅಶ್ಕರ್ ಕೊಂಡೋದ. ಬಳಗದ್ದು ಈಗ ಬೆಂಗ್ಳೂರಿನ ಒಂದು ಕಂಪೆನಿ ನೋಡ್ಕೊಳ್ತದೆ. ಲಿಂಕ್ ಮಾತ್ರ ಅದೇ.”

ಜೋಕಿಮರು ಪುಸ್ತಕ ತೆರೆದು ನಂಗ್‌ನ ಮೇಲೆ ಕೆಂಪು ಗೆರೆ ಎಳೆದರು. ಗುಜರಿಯ ರಸೀದಿ ಕೇಳಲಿಲ್ಲ, ಅಶ್ಕರನಿಗೆ ಫೋನು ಮಾಡಲಿಲ್ಲ. ಇದು ನಮ್ಮ ಕರಾವಳಿಯವರು ಪರದೇಶದಲ್ಲಿ ಮಾಡುವ ತಪ್ಪು. ಈಜಿಪ್ಟಿನವನು ಹೇಳಿದರೆ ಇಮೇಲ್ ಹಾಕಿ ಎನ್ನುತ್ತೇವೆ, ಮಾಲಿಕ ಹೇಳಿದರೂ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳುತ್ತೇವೆ. ನಮ್ಮವನು ನಮ್ಮ ಭಾಷೆಯಲ್ಲಿ ಹೇಳಿದನೆಂದರೆ ಮುಗಿಯಿತು. ಒಂದೇ ಪಾತ್ರೆಯ ಗಂಜಿ ಉಂಡವನ ಹತ್ತಿರ ಕಾಗದ ಕೇಳಿದರೆ ಅವನ ಮುಖಕ್ಕೆ ಉಗಿದ ಹಾಗೆ ಎಂದು ನಮ್ಮ ಲೆಕ್ಕ.

ನಂಗ್ ಗುಜರಿಗೆ ಹೋಗಿರಲಿಲ್ಲ. ಈ ವರ್ಷ ಆಗಸ್ಟಿನಲ್ಲಿ ಸುಲೈಬಿಯಾದ ಗೋದಾಮಿಗೆ ಸರಕು ಎಣಿಸಲು ಹೋದಾಗ ಅದನ್ನು ನಾನೇ ಕಂಡೆ. ಬ್ರೇಕ್ ಪ್ಯಾಡುಗಳ ಪೆಟ್ಟಿಗೆಗಳ ಹಿಂದೆ, ಕಾವಲು ಕ್ಯಾಮೆರಾಗಳ ವೈರಿಗೆ ಸಿಕ್ಕಿಸಿದ್ದ ಯಂತ್ರ, ಅದೇ ಚೀಟಿ, ಮಿಣಿಮಿಣಿ ಹಸಿರು ದೀಪ. ಕ್ಯಾಮೆರಾಗಳದ್ದು ಬೇರೆಯೇ ಲೈನ್ ಆದ್ದರಿಂದ ಜೋಕಿಮರ ಪರದೆಗೆ ಅದು ಕಾಣುವಂತಿರಲಿಲ್ಲ. ಕಚೇರಿಗೆ ಬಂದು ಮೋನಪ್ಪನನ್ನು ಕೇಳಿದೆ. ಅವನು ನಕ್ಕ.

“ಬೆಂಗ್ಳೂರಿನವರದ್ದು ಸರಿಯಾಗ್ಲಿಲ್ಲ ಕುಸುಮಾ. ಪರ್ಬುಗಳಿಗೆ ಹೇಳುದು ಬೇಡ, ಸುಮ್ನೆ ಬಿಪಿ ಏರಿಸ್ಕೊಳ್ತಾರೆ. ದೀಪಾವಳಿ ಕಾರ್ಯಕ್ರಮ ಒಂದು ಕಳೀಲಿ, ತೆಗೀತೇನೆ.”

ನಾನು ಹೇಳಲಿಲ್ಲ. ಕಾರ್ಯಕ್ರಮ ನನ್ನದೂ ಆಗಿತ್ತು. ನಾನೂರು ಜನರ ಹೆಸರು ಎಲ್ಲಿಂದ ಬರೆದುಕೊಳ್ಳುವುದು?

ಅಕ್ಟೋಬರಿನ ಒಂದು ಗುರುವಾರ ಮಧ್ಯಾಹ್ನ ಆ ಎಚ್ಚರಿಕೆ ಬಂತು. ದೊಡ್ಡ ತೂತು, ಬೇರೆ ದೇಶಗಳಲ್ಲಿ ಆಗಲೇ ಕಳ್ಳರು ನುಗ್ಗಿದ್ದಾರೆ, ಎಲ್ಲ ಸರ್ವರುಗಳಿಗೂ ತಕ್ಷಣ ತೇಪೆ ಹಚ್ಚಬೇಕು. ಇಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ಬೆಳಿಗ್ಗೆ ಕೌಂಟರ್ ತೆರೆಯುವುದರೊಳಗೆ ಮುಗಿಯಬೇಕು. ಮಾಲಿಕರ ಸೋದರಳಿಯ ಒಂದು ಷರತ್ತು ಹಾಕಿದ: ಎಲ್ಲ ಯಂತ್ರಗಳಿಗೂ ಹಚ್ಚಿದ್ದೇನೆ, ಒಂದನ್ನೂ ಬಿಟ್ಟಿಲ್ಲ ಎಂದು ಜವಾಬ್ದಾರಿ ಇರುವವರು ಸಹಿ ಮಾಡಿ ಕೊಡಬೇಕು. ಜವಾಬ್ದಾರಿ ಮ್ಯಾನೇಜರನದ್ದು. ಮೋನಪ್ಪ ಆ ಕಾಗದವನ್ನು ಜೋಕಿಮರ ಕಡೆಗೆ ತಳ್ಳಿದ, ಕೆಲಸ ಮಾಡುವವನೇ ಸಹಿ ಹಾಕಬೇಕಲ್ಲ ಎಂದು.

ನನಗೂ ಆ ಎರಡು ದಿನ ಕೆಲಸವಿತ್ತು, ಬಂಗುಡೆ ಎದ್ದ ಮೇಲೆ ಖರೀದಿಯ ಪುಟಗಳು ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಿ ಹೇಳುವುದು. ಹಾಗಾಗಿ ಅವರು ದುಡಿದದ್ದನ್ನು ಹತ್ತಿರದಿಂದ ಕಂಡೆ. ಶುಕ್ರವಾರ ಬೆಳಿಗ್ಗೆ, ಇಪ್ಪತ್ತಮೂರು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ತಪ್ಪಿಸಿದ್ದ ಚರ್ಚಿನ ವಾರದ ಪೂಜೆಯನ್ನು ತಪ್ಪಿಸಿ ಬಂದಿದ್ದರು. ಮೊದಲು ಬೂತಾಯಿಗೆ ಹಚ್ಚಿದರು. ಎರಡು ಗಂಟೆ ಕಾದರು. ಅದು ಸಾಯಲಿಲ್ಲ ಎಂದಾದ ಮೇಲೆ ಐದೈದರಂತೆ ಉಳಿದವಕ್ಕೆ. ಫಹಾಹೀಲಿನ ಶೋರೂಮಿನ ಒಂದು ಯಂತ್ರ ಮಲಗಿದ್ದು ಏಳಲೇ ಇಲ್ಲ. ಟ್ಯಾಕ್ಸಿ ಹಿಡಿದು ಹೋಗಿ, ಎಬ್ಬಿಸಿ, ತಿರುಗಿ ಬಂದರು. ಮಧ್ಯಾಹ್ನ ಹೆಂಡತಿ ಜೂಲಿಯಾನಾ ಕುಚ್ಚಿಲಕ್ಕಿ ಅನ್ನ, ಒಣಸಿಗಡಿ ಚಟ್ನಿ ತಂದುಕೊಟ್ಟರು. ಮಗಳು ಬ್ರೆಂಡಾ ಜೊತೆಗಿದ್ದಳು, ಖೈತಾನಿನ ಶಾಲೆಯಲ್ಲಿ ಹನ್ನೆರಡನೆಯ ತರಗತಿ, ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ಅಪ್ಪ ಉಣ್ಣುವಷ್ಟು ಹೊತ್ತೂ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ರಸಾಯನಶಾಸ್ತ್ರ ಓದಿದಳು.

“ಒಳಗೆ ಬಾ ಬ್ರೆಂಡಾ, ಸೆಕೆ ಅಲ್ವಾ ಅಲ್ಲಿ?” ಎಂದೆ.

“ಇಟ್ಸ್ ಫ್ರೀಜಿಂಗ್ ಇನ್‌ಸೈಡ್, ಆಂಟಿ” ಎಂದಳು.

ಶನಿವಾರ ಕೊನೆಯದಾಗಿ ಅಂಜಲ್. ಅದು ಏಳಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವರು ಪರದೆಯ ಎದುರು ಕೈಕಟ್ಟಿ ನಿಂತೇ ಇದ್ದರು. ಎದ್ದ ಮೇಲೆ ಪೆನ್ಸಿಲ್ ತೆಗೆದು ಗುರುತು ಹಾಕಿ, ಪುಸ್ತಕವನ್ನು ನನಗೆ ತೋರಿಸಿದರು. ನಲವತ್ತಾರು ಹೆಸರು, ನಲವತ್ತಾರು ಗುರುತು. ಕೆಳಗೆ ನಂಗ್, ಅದರ ಮೇಲೆ ಗೆರೆ. ನನ್ನ ಕಣ್ಣು ಆ ಗೆರೆಯ ಮೇಲೆಯೇ ನಿಂತಿತು. ಈಗ ಹೇಳಬೇಕು ಎಂದು ನಾಲಿಗೆಯ ತುದಿಗೆ ಬಂದದ್ದು ನಿಜ. ನಾಳೆ ಮೋನಪ್ಪನ ಹತ್ತಿರ ಮಾತಾಡಿ ಆಮೇಲೆ ಹೇಳಿದರಾಯಿತು ಎಂದು ನುಂಗಿಕೊಂಡೆ.

ಭಾನುವಾರ ಬೆಳಿಗ್ಗೆ ನಾನು ಖರೀದಿಯ ಕಾಗದಗಳಿಗೆ ಸಹಿ ಮಾಡಿಸಲು ಮೋನಪ್ಪನ ಕೋಣೆಯಲ್ಲಿದ್ದಾಗ ಜೋಕಿಮರು ಪುಸ್ತಕ ಹಿಡಿದು ಬಂದರು. ಪೆನ್ನು ತೆರೆದು, ಸಹಿ ಹಾಕುವ ಮೊದಲು ತಲೆಯೆತ್ತಿದರು.

“ಮೋನಪ್ಪ, ಇನ್ನು ಎಂತದೂ ಇಲ್ಲ ಅಲ್ವಾ? ಇಡೀ ಕಂಪೆನಿಯಲ್ಲಿ ನಲ್ವತ್ತಾರೇ?”

“ನಲ್ವತ್ತಾರೇ. ಹಾಕು ಮಾರಾಯಾ, ಎಷ್ಟು ಸಂಶಯ ನಿನಗೆ!”

ಮೋನಪ್ಪ ಹಾಗೆ ಹೇಳುತ್ತ ನನ್ನ ಮುಖ ನೋಡಿದ. ನಾನು ನನ್ನ ಕಾಗದ ನೋಡಿದೆ. ಜೋಕಿಮರು ಸಹಿ ಹಾಕಿದರು, ತಾರೀಕು ಬರೆದರು, ಖುಷಿಯಲ್ಲಿ ನಮಗಿಬ್ಬರಿಗೂ ಚಹಾ ತರಿಸಿದರು. ಆ ಚಹಾ ನಾನು ಕುಡಿದೆ.

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ದಿನ, ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಕೌಂಟರುಗಳ ಪರದೆಗಳೆಲ್ಲ ಕಪ್ಪಾದವು. ಕಡತಗಳಿಗೆ ಬೀಗ ಹಾಕಿದ್ದೇವೆ, ಬೇಕಾದರೆ ಮಾತಾಡಿ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಅಂಜಲ್ ಹೋಯಿತು, ಬಂಗುಡೆ ಹೋಯಿತು, ಗಿರಾಕಿಗಳು ಕೌಂಟರಿನ ಮುಂದೆ ಬೈಯುತ್ತ ನಿಂತರು. ಐದು ದಿನ ಕಂಪೆನಿ ಕೈಬರಹದ ಬಿಲ್ಲಿನಲ್ಲಿ ನಡೆಯಿತು. ಹೊರಗಿನಿಂದ ಬಂದ ತಜ್ಞೆ ನತಾಶಾ ಎಂಬ ಹುಡುಗಿ ಎರಡೇ ದಿನದಲ್ಲಿ ದಾರಿ ಕಂಡುಹಿಡಿದಳು. ಕಳ್ಳ ನುಗ್ಗಿದ್ದು ತೇಪೆ ಹಚ್ಚದ ಒಂದೇ ಒಂದು ಯಂತ್ರದಿಂದ. ಅದರಲ್ಲಿ ಹಿಂದೆ ಯಾವಾಗಲೋ ಉಳಿಸಿಟ್ಟಿದ್ದ ಪಾಸ್‌ವರ್ಡ್ ಅವನಿಗೆ ಸಿಕ್ಕಿತು, ಅದನ್ನು ಹಿಡಿದು, ಕ್ಯಾಮೆರಾಗಳ ಲೈನ್ ಕಚೇರಿಯ ಜಾಲಕ್ಕೆ ಕೂಡುವ ಕಡೆಯಿಂದ ಉಳಿದ ನಲವತ್ತಾರಕ್ಕೂ ಒಳಬಾಗಿಲಿನಿಂದ ಹೋದ. ಗೋದಾಮಿನ ಪೆಟ್ಟಿಗೆಗಳ ಹಿಂದಿನಿಂದ ಆ ಯಂತ್ರವನ್ನು ಎತ್ತಿ ತಂದು ಮೀಟಿಂಗ್ ಕೋಣೆಯ ಮೇಜಿನ ಮೇಲೆ ಇಟ್ಟರು. ಚೀಟಿಯ ಮೇಲೆ ಜೋಕಿಮರ ಅಕ್ಷರ.

ವಿಚಾರಣೆಯಲ್ಲಿ ನಾವು ಐದು ಜನ. ಸೋದರಳಿಯ, ನತಾಶಾ, ಮೋನಪ್ಪ, ಜೋಕಿಮರು, ನಾನು. ಆ ಭಾನುವಾರ ಕೋಣೆಯಲ್ಲಿ ಇದ್ದವಳೆಂದು ಜೋಕಿಮರೇ ನನ್ನನ್ನು ಕರೆಸಿದ್ದರು. ಅವರಿಗೆ ಆ ನಂಬಿಕೆಯಿತ್ತು.

ಮೋನಪ್ಪ ಮೊದಲು ಮಾತಾಡಿದ. ತುಂಬ ದುಃಖದಿಂದಲೇ ಮಾತಾಡಿದ. ಇದು ಜೋಕಿಮರ ಸ್ವಂತದ ಯಂತ್ರ, ತೆಗೆಯಿರಿ ಎಂದು ತಾನು ಎಷ್ಟೋ ಸಲ ಹೇಳಿದ್ದೆ, ತೆಗೆದಿದ್ದೇನೆ ಎಂದು ಅವರು ನಂಬಿಸಿದ್ದರು, ತನ್ನ ಹಳೆಯ ಸ್ನೇಹಿತ, ಏನು ಹೇಳುವುದು? ಯಂತ್ರ ಹೊತ್ತೊಯ್ದ ಅಶ್ಕರ್ ಸೆಪ್ಟೆಂಬರಿನಲ್ಲೇ ಕೆಲಸ ಬಿಟ್ಟು ಊರಿಗೆ ಹೋಗಿದ್ದ, ಅವನ ಇಲ್ಲಿನ ನಂಬರು ಸತ್ತಿತ್ತು. ಬಳಗದ್ದು ಎಂದು ತೋರಿಸಲು ನಂಗ್‌ನೊಳಗಿನ ಕಡತಗಳಿಗೂ ಬೀಗ ಬಿದ್ದಿತ್ತು, ಜೋಕಿಮರ ಹತ್ತಿರ ಒಂದು ಇಮೇಲ್ ಇಲ್ಲ, ಒಂದು ಮೆಸೇಜ್ ಇಲ್ಲ. ಆರು ವರ್ಷ ಎಲ್ಲವೂ ಬಾಯಿಮಾತಿನಲ್ಲಿ, ಚಹಾ ಕುಡಿಯುತ್ತ ನಡೆದದ್ದು. ಪುಸ್ತಕ ತೆರೆದು ಕೆಂಪು ಗೆರೆ ತೋರಿಸಿದರು. ಸೋದರಳಿಯ ಅದನ್ನೇ ಹಿಡಿದುಕೊಂಡ. ಅಂದರೆ ಇಂಥ ಯಂತ್ರ ಇದೆಯೆಂದು ನಿನಗೆ ಗೊತ್ತಿತ್ತು, ಗೊತ್ತಿದ್ದೂ ಪಟ್ಟಿಯಿಂದ ಹೊಡೆದುಹಾಕಿ ಸಹಿ ಮಾಡಿದ್ದೀಯೆ?

ಜೋಕಿಮರು ನನ್ನ ಕಡೆ ತಿರುಗಿದರು. ಬೇಡುವ ಮುಖವಲ್ಲ. ಬಂಗುಡೆ ಎದ್ದಿದೆಯಾ ನೋಡಿ ಹೇಳಿ ಎನ್ನುವಾಗ ಇರುತ್ತಿದ್ದ ಮುಖ.

“ಮಿಸೆಸ್ ಕುಸುಮಾ, ಈ ಯಂತ್ರದ ವಿಷಯ ನಿಮಗೆ ಏನಾದರೂ ಗೊತ್ತೇ?” ಎಂದು ಸೋದರಳಿಯ ಇಂಗ್ಲಿಷಿನಲ್ಲಿ ಕೇಳಿದ.

ಮೋನಪ್ಪ ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ ಇದ್ದ. ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ ನವೀಕರಣದ ಕಾಗದ ಆ ವಾರವೇ ಹೊರಡಬೇಕಿತ್ತು, ಅದಕ್ಕೆ ಶಿಫಾರಸು ಬರೆಯಬೇಕಾದ ಮೂವರು ಮ್ಯಾನೇಜರುಗಳಲ್ಲಿ ಅವನೂ ಒಬ್ಬ. ಗೊತ್ತಿತ್ತು ಎಂದರೆ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ನನ್ನ ತಲೆಗೇ ಬರುತ್ತಿತ್ತು.

“ನನಗೆ ಸರ್ವರಿನ ವಿಷಯ ಗೊತ್ತಾಗುವುದಿಲ್ಲ ಸರ್” ಎಂದೆ.

ಇಡೀ ಬರಹದಲ್ಲಿ ಮೋನಪ್ಪನನ್ನು ಏಕವಚನದಲ್ಲಿ ಬೈದುಕೊಂಡು ಬಂದಿದ್ದೇನಲ್ಲ, ಇಲ್ಲಿಗೆ ಬಂದಾಗ ನನಗೂ ಅದೇ ವಚನ ಸಲ್ಲುತ್ತದೆ. ಅವನಾದರೂ ತನ್ನ ಕುರ್ಚಿ ಉಳಿಸಿಕೊಳ್ಳಲು ಸುಳ್ಳು ಹೇಳಿದ. ನಾನು ಹೇಳಿದ್ದು ಕೇಳುವವರಿಗೆ ಸುಳ್ಳೆಂದೇ ಅನಿಸದಂಥ 
ಒಂದು ಮಾತು. ಸುಳ್ಳಿಗಿಂತ ಅದು ಕೀಳು.

ಹೊರಗೆ ನಡುದಾರಿಯಲ್ಲಿ ಜೋಕಿಮರು ನಿಂತಿದ್ದರು. ಕೈಯಲ್ಲಿ ಸ್ವೆಟರ್.

“ನೀವು ಅಲ್ಲೇ ಇದ್ರಲ್ಲ ಕುಸುಮಕ್ಕ. ನಲ್ವತ್ತಾರೇ ಅಂತ ಅವ ಹೇಳಿದ್ದು ನಿಮಗೂ ಕೇಳ್ಸಿತ್ತಲ್ಲ.”

“ನನಗೆ ಅಖಿಲ್ ಒಬ್ಬ ಇದ್ದಾನೆ ಪರ್ಬುಗಳೇ.”

“ಹೌದು. ನನಗೆ ಬ್ರೆಂಡಾ” ಎಂದರು. ಆಮೇಲೆ ಲಿಫ್ಟ್ ಬಂತು.

ಕೆಲಸದಿಂದ ತೆಗೆದರು. ತೆಗೆದದ್ದಕ್ಕಿಂತ ಪತ್ರದಲ್ಲಿ ಬರೆದ ಒಂದು ಸಾಲು ಅವರನ್ನು ಕೊಂದಿತು: ಕಂಪೆನಿಯ ಜಾಲದಲ್ಲಿ ಸ್ವಂತ ಉಪಯೋಗಕ್ಕೆ ಯಂತ್ರವೊಂದನ್ನು ಬಚ್ಚಿಟ್ಟು, ಸುಳ್ಳು ದೃಢೀಕರಣಕ್ಕೆ ಸಹಿ ಹಾಕಿದವರು. ಆ ಸಾಲಿನೊಂದಿಗೆ ಕುವೈತಿನಲ್ಲಿ ಇನ್ನೊಂದು ಸರ್ವರ್ ಕೋಣೆಗೆ ಯಾರೂ ಅವರನ್ನು ಬಿಡುವುದಿಲ್ಲ. ಅವರು ಸಂಬಳದ ಮಾತಾಡಲಿಲ್ಲ, ಅದೊಂದು ಸಾಲು ತೆಗೆಯಿರಿ ಎಂದು ಮೂರು ಸಲ ಬರೆದುಕೊಟ್ಟರು. ತೆಗೆಯಲಿಲ್ಲ. ಜೂಲಿಯಾನಾ ಮನೆಯಲ್ಲಿದ್ದವರು, ಹೆಂಡತಿ ಮಗಳ ಇಕಾಮಾ ಜೋಕಿಮರ ಕೆಲಸಕ್ಕೆ ಕಟ್ಟಿಕೊಂಡದ್ದು. ಪರೀಕ್ಷೆಗೆ ಎರಡೂವರೆ ತಿಂಗಳಿರುವಾಗ ಬ್ರೆಂಡಾ ಶಾಲೆ ಬಿಟ್ಟು ಹೊರಡಬೇಕಾಯಿತು.

ಕುವೈತಿನಲ್ಲಿ ದೀಪಾವಳಿ ಬರುವುದು ಸಭಾಂಗಣ ಸಿಕ್ಕಿದ ಮೇಲೆ. ನಮಗೆ ನವೆಂಬರ್ ಕೊನೆಯ ಶುಕ್ರವಾರ ಖೈತಾನಿನ ಒಂದು ಶಾಲೆಯ ಸಭಾಂಗಣ ಸಿಕ್ಕಿತ್ತು. ಹೆಸರು ಕೊಡುವುದು ಸೆಪ್ಟೆಂಬರಿನಲ್ಲೇ, ನಂಗ್‌ನ ಲಿಂಕಿನಲ್ಲೇ ಮುಗಿದಿತ್ತು. ಅಲ್ಲಿ ಜೋಕಿಮರಿಗೆ ಬೀಳ್ಕೊಡುಗೆಯ ಸನ್ಮಾನ ಮಾಡಬೇಕೆಂದವನು ಮೋನಪ್ಪನೇ. ಬಳಗದ ಸ್ಥಾಪಕ ಸದಸ್ಯರನ್ನು ಸುಮ್ಮನೆ ಕಳುಹಿಸಿದರೆ ಜನ ಮಾತಾಡುತ್ತಾರೆ ಎಂದ. ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನ ಪತ್ರ. ಪತ್ರ ಬರೆದವಳು ನಾನು. ‘ನಿಸ್ವಾರ್ಥ ಸೇವೆಯ ನಂದಾದೀಪ’ ಎಂದೆಲ್ಲ ಒಂದೂವರೆ ಪುಟ ಸರಾಗವಾಗಿ ಬಂತು. ವಿಚಾರಣೆಗೆ ಬೇಕಾಗಿದ್ದದ್ದು ಎರಡು ಸಾಲು.

ಅವರು ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಸ್ವೆಟರ್ ಇಲ್ಲ. ಜೂಲಿಯಾನಾ ಮತ್ತು ಬ್ರೆಂಡಾ ಕೊನೆಯ ಸಾಲಿನಲ್ಲಿ ಕುಳಿತರು. ಸಭಾಂಗಣ ಕಿಕ್ಕಿರಿದಿತ್ತು, ವೇದಿಕೆಯ ಬದಿಯಲ್ಲಿ ನೃತ್ಯದ ಮಕ್ಕಳು ಗೆಜ್ಜೆ ಕಟ್ಟಿಕೊಂಡು ಕಾಯುತ್ತಿದ್ದರು. ಮೋನಪ್ಪ ಸಿಡುಬಿನ ಕತೆ, ಗಂಜಿಯ ಕತೆ ಹೇಳಿ ಕಣ್ಣೊರೆಸಿಕೊಂಡ. ನಾನು ಸನ್ಮಾನ ಪತ್ರ ಓದಿದೆ. ಚಪ್ಪಾಳೆ ಬಿತ್ತು. ಮೋನಪ್ಪ ಶಾಲು ಹೊದೆಸಿದ, ಫೋಟೊಕ್ಕೆಂದು ಇನ್ನೊಂದು ಸಲ ಹೊದೆಸಿದ. ಕ್ರಮದಂತೆ ನಾನು, ಸನ್ಮಾನಿತರು ಎರಡು ಮಾತಾಡಬೇಕು ಎಂದೆ. ಅವರು ನಿಂತಲ್ಲಿಗೆ ಇನ್ನೊಂದು ಮೈಕ್ ಕೊಟ್ಟರು.

“ನನಗೆ ಭಾಷಣ ಬರುದಿಲ್ಲ” ಎಂದರು ಜೋಕಿಮರು. “ಒಂದು ಪ್ರಶ್ನೆ ಮಾತ್ರ ಕೇಳ್ತೇನೆ. ಇವತ್ತಿನ ಈ ಕಾರ್ಯಕ್ರಮಕ್ಕೆ ಫೋನಿನಲ್ಲಿ ಬಳಗದ ಲಿಂಕ್ ಒತ್ತಿ ಹೆಸ್ರು ಕೊಟ್ಟವರು ಎಷ್ಟು ಜನ ಇದ್ದೀರಿ? ದಯಮಾಡಿ ಒಮ್ಮೆ ಕೈ ಎತ್ತಿ.”

ಮೊದಲು ಮಕ್ಕಳು ಎತ್ತಿದರು, ಮಕ್ಕಳಿಗೆ ಅದೊಂದು ಆಟ. ಮೋನಪ್ಪನ ಮಗಳು ದೀಕ್ಷಿತಾ ಬಳೆ ತುಂಬಿದ ಎರಡೂ ಕೈ ಎತ್ತಿ ಕುಣಿಸಿದಳು. ಆಮೇಲೆ ಹೆಂಗಸರು, ಗಂಡಸರು, ಮುಂದಿನ ಸಾಲಿನ ಗಣ್ಯರು. ಕೊನೆಯ ಸಾಲಿನಲ್ಲಿ ಜೂಲಿಯಾನಾ ಸಹ ಎತ್ತಿದರು. ಏನೋ ಬಹುಮಾನ ಇರಬಹುದು ಎಂದು ಕೆಲವರು ನಗುತ್ತಿದ್ದರು.

“ಥ್ಯಾಂಕ್ಸ್. ನೀವು ಹೆಸ್ರು ಕೊಟ್ಟದ್ದು ನಂಗ್ ಅಂತ ಒಂದು ಮೆಷಿನಿಗೆ. ಅದು ಇದ್ದದ್ದು ಕಂಪೆನಿಯ ಗೋದಾಮಿನಲ್ಲಿ, ಅಲ್ಲಿ ಇಟ್ಟದ್ದು ನನಗೆ ಗೊತ್ತಿರ್ಲಿಲ್ಲ. ಅದು ಜೋಕಿಮನ ಸ್ವಂತದ್ದು, ಅವ ಬಚ್ಚಿಟ್ಟದ್ದು ಅಂತ ನನ್ನ ಪತ್ರದಲ್ಲಿ ಬರ್ದಿದ್ದಾರೆ. ಇಷ್ಟು ಜನರದ್ದು ನನ್ನ ಸ್ವಂತದ್ದು ಹೇಗಾಯ್ತು ಅಂತ ನನಗೆ ಗೊತ್ತಾಗ್ಲಿಲ್ಲ. ಕೇಳಿ ಹೋಗುವ ಅಂತ ಬಂದೆ.”

ನಗು ನಿಂತಿತು. ಮೋನಪ್ಪ ಹಣ್ಣಿನ ಬುಟ್ಟಿ ಹಿಡಿದು ನಿಂತವನು, ಅದನ್ನು ಕೊಡಲೂ ಆಗದೆ ಕೆಳಗಿಡಲೂ ಆಗದೆ ಹಾಗೆಯೇ ನಿಂತಿದ್ದ. ಜೋಕಿಮರು ಅವನನ್ನು ನೋಡಲೇ ಇಲ್ಲ. ನನ್ನ ಕಡೆ ತಿರುಗಿದರು.

“ನೀವು ಎತ್ಲಿಲ್ಲ ಕುಸುಮಕ್ಕ. ಎತ್ತಿ, ಇದು ಸರ್ವರಿನ ವಿಷಯ ಅಲ್ಲ. ನಿಮಗೆ ಗೊತ್ತಾಗ್ತದೆ.”

ಬಲಗೈಯಲ್ಲಿ ಮೈಕ್ ಇತ್ತು. ಅದರ ಸಮೇತ ಎತ್ತಿದೆ.

ಅವರು ಹೆಗಲಿನಿಂದ ಶಾಲು ತೆಗೆದು, ಅಂಚಿಗೆ ಅಂಚು ಸೇರಿಸಿ ದರ್ಜಿಯ ಮಗನ ಹಾಗೆ ಸರಿಯಾಗಿ ಮಡಚಿ, ಸನ್ಮಾನದ ಕುರ್ಚಿಯ ಮೇಲೆ ಇಟ್ಟರು. ಮೆಟ್ಟಿಲಿಳಿದು ನಡುವಿನ ದಾರಿಯಲ್ಲಿ ಹೋಗಿ ಹೆಂಡತಿ ಮಗಳನ್ನು ಕರೆದುಕೊಂಡು ಹೊರಗೆ ಹೋದರು. ನಾನೂರು ಕೈಗಳು ಇನ್ನೂ ಮೇಲೆಯೇ ಇದ್ದವು. ಇಳಿಸಿ ಎಂದು ಹೇಳಬೇಕಾದವಳು ನಿರೂಪಕಿಯಾದ ನಾನು, ನನ್ನ ಕೈಯೂ ಮೇಲಿತ್ತು.